ಮೀನಿನ ಉಸಿರು, ವಿಮಾನದ ಹೊತ್ತು

ಬಣ್ಣದ ಮೀನು ಸಾಕುವ ಸೊಸೆಗೆ ಮೊದಲ ಸಲ ಕಡಲಾಚೆಯ ಗಿರಾಕಿ ಸಿಕ್ಕಿದ್ದ. ಮನೆಯ ಹಿಂದಿನ ಶೆಡ್ಡಿನ ಗಾಜಿನ ತೊಟ್ಟಿಗಳಲ್ಲಿ, ಮೊಟ್ಟೆಯೊಡೆದ ದಿನದಿಂದ ಅವಳೇ ಸಾಕಿದ ನೀಲಿ ಮೀನುಗಳಿದ್ದವು. ಅವು ಜೀವಂತವಾಗಿ ತಲುಪಬೇಕು. ಇಲ್ಲವಾದರೆ ಶೆಡ್ಡು ಮುಚ್ಚುವುದೆಂದು ಅತ್ತೆ ಹೇಳಿಬಿಟ್ಟಿದ್ದರು.

ವಿಮಾನದ ಲೆಕ್ಕ ಮೈದುನನದು. "ಒಂಬತ್ತು ಸಾವಿರ ಕಿಲೋಮೀಟರು ಅತ್ತಿಗೆ. ಮಧ್ಯಾಹ್ನ ಎರಡಕ್ಕೆ ಹಾರಿ ರಾತ್ರಿ ಎಂಟಕ್ಕೆ ಇಳಿಯುತ್ತೆ. ಆರೇ ಗಂಟೆ. ಚೀಲಕ್ಕೆ ಎರಡರಷ್ಟು ಮೀನು ತುಂಬಿ."

ತುಂಬಿದಳು. ಅರ್ಧ ನೀರು, ಉಳಿದರ್ಧ ಸಿಲಿಂಡರಿನ ಆಮ್ಲಜನಕ. ಬಾಯಿಗೆ ಬಿಗಿಯಾದ ರಬ್ಬರು. ಎರಡರಷ್ಟು ಮೀನಿಗೆ ಆ ಗಾಳಿ ಹತ್ತು ಗಂಟೆ ಬಂದರೆ ಹೆಚ್ಚು.

ಪೆಟ್ಟಿಗೆ ಮುಚ್ಚುವಷ್ಟರಲ್ಲಿ ಗಿರಾಕಿಯ ಫೋನು ಬಂತು. ಆಕಳಿಸುತ್ತಾ, "ಈಗ ಎದ್ದೆನಮ್ಮಾ. ಇನ್ನೂ ಸರಿಯಾಗಿ ಬೆಳಕಾಗಿಲ್ಲ" ಅಂದ.

ಶೆಡ್ಡಿನ ತಗಡಿನ ಮೇಲೆ ಬಿಸಿಲು ಸುಡುತ್ತಿತ್ತು. ಸೊಸೆ ಫೋನು ಇಟ್ಟು ಮೈದುನನ ಕಡೆ ತಿರುಗಿದಳು. "ಅವರ ಗಡಿಯಾರ ನಮಗಿಂತ ಐದು ಗಂಟೆ ಹಿಂದೆ ಕಣೋ. ನೀನು ಹೇಳಿದ ಎಂಟು ಅವರ ಎಂಟು. ವಿಮಾನ ಹಾರೋದು ಹನ್ನೊಂದು ಗಂಟೆ."

ಮೈದುನ ಪೆಚ್ಚಾದ. "ಟಿಕೆಟಲ್ಲಿ ಹಾಗೇ ಇತ್ತಲ್ಲ..."

"ಮೀನು ಟಿಕೆಟು ಓದಿ ಉಸಿರಾಡುತ್ತೇನೋ?" ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ.

ಆಗಲೇ ಸೊಸೆ ಮೊದಲ ಚೀಲದ ರಬ್ಬರು ಕತ್ತರಿಸಿದ್ದಳು. ವಿಮಾನದಲ್ಲಿ ಜಾಗ ಸಿಕ್ಕಿದ್ದು ಅಷ್ಟೇ ಪೆಟ್ಟಿಗೆಗಳಿಗೆ; ಚೀಲ ಹೆಚ್ಚಿಸುವಂತಿರಲಿಲ್ಲ.

"ಅರ್ಧ ಮೀನು ಕಳಿಸ್ತೀನಿ."

"ಪೂರ್ತಿ ಕೇಳಿದ್ದಾರೆ ಅತ್ತಿಗೆ. ಕೈಗೆ ಬಂದ ಗಿರಾಕಿ!"

"ಅತಿ ಆಸೆ ಗತಿ ಕೇಡು. ಸತ್ತದ್ದನ್ನ ಪೂರ್ತಿ ಕಳಿಸಿ ಏನು ಮಾಡ್ಲಿ?" ಎಂದವಳೇ ಗಿರಾಕಿಗೆ ಫೋನು ಮಾಡಿ, ಅರ್ಧವೇ ಬರುತ್ತದೆ, ಆದರೆ ಈಜುತ್ತಾ ಬರುತ್ತದೆ ಎಂದಳು. ಆ ಕಡೆಯವನು, "ನೋಡೋಣ" ಎಂದಷ್ಟೇ ಹೇಳಿ ಇಟ್ಟ.

ಅರ್ಧ ಮೀನು ತೊಟ್ಟಿಗೆ ಮರಳಿತು. ಅತ್ತೆ ಸೆರಗು ಬಿಗಿದು ಚೀಲದ ಬಾಯಿ ಹಿಡಿದರು, ಮೈದುನ ಗಾಳಿ ತುಂಬಿದ, ಸೊಸೆ ಕಟ್ಟಿದಳು. ಕೊನೆಯ ಪೆಟ್ಟಿಗೆ ವ್ಯಾನಿಗೇರಿದಾಗ ಮೂವರ ಬಟ್ಟೆಯಲ್ಲೂ ಒಣ ಜಾಗವಿರಲಿಲ್ಲ. "ಜೀವ ಕೊಟ್ಟವನು ಕಾಯಲಿ" ಎಂದು ಅತ್ತೆ ಕೈಮುಗಿದರು.

ಮರುದಿನ ಬೆಳಗ್ಗೆ ಚಹಾ ಆರುತ್ತಿತ್ತು. ಯಾರೂ ಲೋಟ ಮುಟ್ಟಿರಲಿಲ್ಲ. ಫೋನಿನಲ್ಲಿ ಒಂದು ವಿಡಿಯೋ ಬಂತು. ದೊಡ್ಡ ತೊಟ್ಟಿಯೊಳಗೆ, ಆಕಾಶದ ಚೂರೊಂದು ನೀರಿಗೆ ಬಿದ್ದು ಜೀವ ತಳೆದಂತೆ, ನೀಲಿ ಹಿಂಡು ಫಳಫಳನೆ ತಿರುಗುತ್ತಿತ್ತು. ಹಿಂದೆಯೇ ಗಿರಾಕಿಯ ದನಿ: "ಒಂದೂ ಸತ್ತಿಲ್ಲ ತಾಯಿ. ಉಳಿದರ್ಧ ಯಾವತ್ತು ಕಳಿಸ್ತೀರಿ? ಇನ್ಮೇಲೆ ಪ್ರತಿ ತಿಂಗಳೂ ಬೇಕು."

ಸೊಸೆ ಅವನಿಗೆ ಫೋನು ಹಚ್ಚಿದಳು. "ಕಳಿಸ್ತೀನಿ. ಚೀಲಕ್ಕೆಷ್ಟು ಮೀನು ಅನ್ನೋದು ಮಾತ್ರ ನಾನೇ ಹೇಳ್ತೀನಿ."

ಅತ್ತೆ ಎದ್ದು ತಮ್ಮ ಕೋಣೆಯ ಬಾಗಿಲನ್ನು ಪೂರ್ತಿ ತೆರೆದರು.

"ಶೆಡ್ಡು ಎಲ್ಲಿ ಸಾಕಾಗುತ್ತೆ? ಇಲ್ಲೂ ನಾಲ್ಕು ತೊಟ್ಟಿ ಇಡು ಮಗಳೇ. ನನ್ನ ಗೊರಕೆಗೆ ಮೀನೇನೂ ಹೆದರಲ್ಲ."

ಮೈದುನ ಆಗಲೇ ಒಳಹೋಗಿ ಅವರ ಮಂಚದ ಒಂದು ತುದಿ ಎತ್ತಿದ.