ಜಾಹೀರಾತಿಗೆ ಮುಯ್ಯಾಳು ಹೋದ ಸಗರದ ಹೆಂಗಸರು

ಮನೆಯಲ್ಲಿ ಹೆಂಗಸು ಫೋನು ಹಿಡಿದು ಕೂತರೆ ಸಾಕು, ಎಲ್ಲರ ಕಣ್ಣು ಅವಳ ಮೇಲೇ. ಅದೇ ಫೋನು ಹಿಡಿದು ಗಂಡಸರು ಕಟ್ಟೆಯ ಮೇಲೆ ಹೊತ್ತು ಮುಳುಗಿಸಿದರೆ ಕೇಳುವವರಿಲ್ಲ, ಆ ಮಾತು ಬೇರೆ. ಶಹಾಪುರದ ಹತ್ತಿರದ ಸಗರ ಊರಿನ ದೇವಕಮ್ಮನ ಮನೆಯಲ್ಲೂ ಇದೇ ತಕರಾರು ನಡೆದಿತ್ತು.

ದೇವಕಮ್ಮ ಫೋನಿನಲ್ಲಿ ಬ್ಲಾಗು ಬರೆಯುತ್ತಿದ್ದಳು. ಬ್ಲಾಗು ಎಂದರೆ ಇಂಟರ್ನೆಟ್ಟಿನಲ್ಲಿ ನಮ್ಮದೇ ಒಂದು ಪುಟ; ನಾವು ಬರೆದು ಹಾಕಿದ್ದನ್ನು ಯಾವ ಊರಿನವರಾದರೂ ಓದಬಹುದು. ಕಾಲುವೆ ಬಂದ ಮೇಲೆ ಸಗರದ ಸುತ್ತಲ ಹೊಲಗಳು ಭತ್ತದ ಗದ್ದೆಗಳಾದವು. ಮನೆಮನೆಯಲ್ಲೂ ಅನ್ನ ಬಂತು, ಒಳ್ಳೆಯದೇ ಆಯಿತು. ಆದರೆ ಸಜ್ಜೆ ರೊಟ್ಟಿ, ನವಣೆ ಅನ್ನ, ಗುರೆಳ್ಳು ಹಿಂಡಿ ಮಾಡುವವರು ಕಡಿಮೆಯಾದರು. ಗುರೆಳ್ಳು ಅಂದರೆ ಹುಚ್ಚೆಳ್ಳು; ಹಿಂಡಿ ಅಂದರೆ ಮತ್ತೇನಲ್ಲ, ರೊಟ್ಟಿಗೆ ಹಚ್ಚಿಕೊಳ್ಳುವ ನಮ್ಮ ಕಡೆಯ ಚಟ್ನಿಪುಡಿ. ಅವ್ವನಿಂದ ಕಲಿತ ಈ ಅಡುಗೆಗಳನ್ನೇ ದೇವಕಮ್ಮ ಬರೆಯುತ್ತಿದ್ದಳು. ಬರೆಯುವಾಗ ಅವಳ ಮುಖ ನೋಡಬೇಕಿತ್ತು, ತವರಿಗೆ ಹೊರಟವಳ ಹಾಗೆ ಅರಳಿರುತ್ತಿತ್ತು.

ಗಂಡ ಯಂಕಣ್ಣ ಕೆಟ್ಟವನಲ್ಲ. ಆದರೆ ಗದ್ದೆಯಿಂದ ದಣಿದು ಬಂದು ಚಹಾ ಕೇಳಿದಾಗ ಹೆಂಡತಿ ಇನ್ನೊಂದೇ ಸಾಲು ತಡೀರಿ ಅಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಒಂದು ಸಂಜೆ ಅವನು ಹೇಳಿಯೇಬಿಟ್ಟ.

“ಬರ್ಕೋತ ಕುಂತ್ರ ಹೊಟ್ಟಿ ತುಂಬ್ತದೇನು? ಕಾಲುವಿ ನೀರು ಬಂದ್ ಆಗೋತನ ನೋಡ್ತೀನಿ. ಅಷ್ಟರಾಗ ಇದರಿಂದ ಏನಾರ ಬಂತಂದ್ರ ಬರಕೋ. ಇಲ್ಲಂದ್ರ ಬಿಟ್ಟುಬಿಡು.”

ದೇವಕಮ್ಮ ಫೋನು ಬದಿಗಿಟ್ಟು ಚಹಾಕ್ಕೆ ನೀರಿಟ್ಟಳು. ಒಲೆ, ಎಮ್ಮೆ, ಕಳೆ ತೆಗೆಯುವುದು ಇವೆಲ್ಲದರ ನಡುವೆ ತನ್ನದು ಅಂತ ಅವಳಿಗೆ ಇದ್ದದ್ದು ಆ ಬರಹ ಒಂದೇ.

ಬ್ಲಾಗಿನಲ್ಲಿ ಜಾಹೀರಾತು ಹಾಕಿಸಿದರೆ ಕೂತಲ್ಲೇ ದುಡ್ಡು ಬರುತ್ತದೆ ಎಂದು ಯಾವುದೋ ವಿಡಿಯೋದಲ್ಲಿ ಒಬ್ಬ ಹೇಳುತ್ತಿದ್ದ. ದೇವಕಮ್ಮ ಅದನ್ನು ನಂಬಿದಳು. ಜಾಹೀರಾತು ಕೊಡುವ ಕಂಪನಿಗೆ ಅರ್ಜಿ ಹಾಕಿದಳು, ಅವರು ಒಪ್ಪಿದರು. ಸಿಕ್ಕ ಸಿಕ್ಕಲ್ಲೆಲ್ಲ ಜಾಹೀರಾತಿಗೆ ಜಾಗ ಬಿಟ್ಟಳು. ಸಜ್ಜೆ ರೊಟ್ಟಿಗೆ ಕೈತುಂಬ ಬೆಣ್ಣೆ ಹಚ್ಚಿಕೊಂಡು ತಿನ್ನಿರಿ ಎಂದು ಅವಳು ಬರೆದರೆ, ಅದರ ಕೆಳಗೇ ಮೈ ಇಳಿಸುವ ಪುಡಿಯ ಜಾಹೀರಾತು ಬಂದು ಕೂತಿತು. ಓದಿದವರು ತಿನ್ನಬೇಕೋ ಬಿಡಬೇಕೋ, ದೇವರಿಗೇ ಗೊತ್ತು.

ವಾರಗಳು ಕಳೆದರೂ ಬಂದದ್ದು ಚಿಲ್ಲರೆ. ಈ ಸುದ್ದಿ ಊರಿನ ಸ್ವಸಹಾಯ ಗುಂಪಿನ ಮುಖಂಡೆ ಹಣಮಂತಮ್ಮನ ಕಿವಿಗೆ ಬಿತ್ತು. ಜಾಹೀರಾತನ್ನು ಜನ ಒತ್ತಿದರೆ ಹೆಚ್ಚು ದುಡ್ಡು ಬರುತ್ತದೆ ಎಂದು ತಿಳಿದದ್ದೇ ತಡ, ಹಣಮಂತಮ್ಮ ಸೆರಗು ಸಿಗಿಸಿ ಎದ್ದಳು. ಸಗರದಲ್ಲಿ ಮುಯ್ಯಾಳು ಹೋಗುವ ರೂಢಿ ಇನ್ನೂ ಇದೆ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಹೊಲಕ್ಕೆ ಹೋಗುವವರು ಫೋನಿಗೆ ಹೋಗಲಾರರೇ? ದಿನಾ ಮಧ್ಯಾಹ್ನ ಉಂಡಾದ ಮೇಲೆ ಗುಂಪಿನ ಹೆಂಗಸರೆಲ್ಲ ಬೇವಿನ ಕಟ್ಟೆಗೆ ಬಂದು ದೇವಕಮ್ಮನ ಪುಟ ತೆರೆದು, ಕಾಣಿಸಿದ ಜಾಹೀರಾತನ್ನೆಲ್ಲ ಒತ್ತಿದ್ದೇ ಒತ್ತಿದ್ದು. ಕಳೆ ಕೀಳುವಾಗ ಇರುವಷ್ಟೇ ನಗು, ಅಷ್ಟೇ ಪೈಪೋಟಿ. ಯಾರಿಗೂ ಜಾಹೀರಾತಿನಲ್ಲಿ ಕಂಡ ಟ್ರ್ಯಾಕ್ಟರು ಬೇಕಿರಲಿಲ್ಲ, ಮೈ ಇಳಿಸುವ ಪುಡಿಯಂತೂ ಬೇಡವೇ ಬೇಡ.

ಆ ವಾರ ದೇವಕಮ್ಮನ ಗಳಿಕೆಯ ಲೆಕ್ಕ ಮೇಲಕ್ಕೆ ಜಿಗಿಯಿತು. ಮರುವಾರ ಕಂಪನಿ ಅವಳ ಖಾತೆಯನ್ನೇ ಮುಚ್ಚಿತು. ಬರಬೇಕಾದದ್ದೂ ಬರಲಿಲ್ಲ. ಕಾಲುವೆ ನೀರು ನಿಲ್ಲುವ ದಿನ ಹತ್ತಿರ ಬಂದಿತ್ತು. ದೇವಕಮ್ಮ ಒಲೆಯ ಮುಂದೆ ಕೂತು ಅತ್ತಳು, ಹೊಗೆಯ ನೆಪವನ್ನೂ ಹೇಳಲಿಲ್ಲ.

ಅನ್ವರಬಿ ಅದೇ ಓಣಿಯವಳು, ಶಹಾಪುರದಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ನಡೆಸುತ್ತಾಳೆ. ಸುದ್ದಿ ಕೇಳಿ ಅವಳು ಬಂದಾಗ ಹಣಮಂತಮ್ಮನೂ ಅಲ್ಲೇ ಇದ್ದಳು, ಯಂಕಣ್ಣ ಬಾಗಿಲಲ್ಲಿ ನಿಂತಿದ್ದ. ಅನ್ವರಬಿ ಎಲ್ಲ ನೋಡಿ, ಯಾರೋ ಬೇಕಂತಲೇ ಜಾಹೀರಾತು ಒತ್ತಿದ್ದಾರೆ ಅಂದಳು.

“ನಾವೇ ಒತ್ತೀವಿ. ಮುಯ್ಯಾಳು ಹೋದಂಗ ಹೋಗೀವಿ. ತಪ್ಪೇನದ?” ಎಂದಳು ಹಣಮಂತಮ್ಮ.

ಅನ್ವರಬಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಅವಳ ಪಕ್ಕದಲ್ಲೇ ಕೂತಳು.

“ಅಕ್ಕಾ, ನೀವು ಒಂದೊಂದ್ ಸಲ ಒತ್ತಿದಾಗೂ ಆ ಟ್ರ್ಯಾಕ್ಟರ್ ಅಂಗಡಿಯಂವನ ಕಿಸೆದಾಗಿಂದ ರೊಕ್ಕ ಹೋಗ್ತದ. ನೀವು ಕೊಳ್ಳೋರಲ್ಲ, ಬರೇ ಒತ್ತೋರು. ಅಂವಗ ಮೋಸ ಆಗಲಿಲ್ಲೇನು? ಅದು ಕಂಪನಿಯವರಿಗೆ ತಿಳೀತದ, ಖಾತಿ ಮುಚ್ಚತಾರ.”

ಹಣಮಂತಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಹಾಗಾದರೆ ಸರಿಯಾಗಿ ನಡೆದಿದ್ದರೆ ದುಡ್ಡು ಬರುತ್ತಿತ್ತೇ ಎಂದು ಕೇಳಿದವನು ಯಂಕಣ್ಣ. ಅನ್ವರಬಿ ಬಿಡಿಸಿ ಹೇಳಿದಳು. ಜಾಹೀರಾತು ಕೆಟ್ಟದ್ದಲ್ಲ. ಆದರೆ ದಿನಾ ಸಾವಿರಗಟ್ಟಲೆ ಜನ ಓದುವ ಪುಟವಾದರೆ ಅದರಿಂದ ದುಡ್ಡು ಕೈಗೆ ಹತ್ತುತ್ತದೆ. ದೇವಕಮ್ಮನ ಪುಟ ಓದುವವರು ಬೆರಳೆಣಿಕೆಯಷ್ಟು ಜನ. ಅವರಿಂದ ಬರುವುದು ಫೋನಿನ ರೀಚಾರ್ಜಿಗೂ ಸಾಲದು. ಅದೂ ಒಂದು ಮಟ್ಟಕ್ಕೆ ಕೂಡಿದ ಮೇಲೇ ಕೈಗೆ ಕೊಡುತ್ತಾರೆ. ಮೇಲಾಗಿ ಇಷ್ಟೊಂದು ಜಾಹೀರಾತು ತುಂಬಿದರೆ ಪುಟ ತೆರೆಯಲು ತಡ, ಓದುವವರು ಬೇಸತ್ತು ಹೋಗುತ್ತಾರೆ.

ನಾನು ಹೇಳಲಿಲ್ಲವೇ ಎಂದು ಯಂಕಣ್ಣ ಬಾಯಿ ತೆರೆಯುವಷ್ಟರಲ್ಲಿ ಅನ್ವರಬಿಯ ಬೆರಳು ಪುಟದ ತಳಕ್ಕೆ ಜಾರಿತ್ತು. ಜಾಹೀರಾತುಗಳ ಅಡಿಯಲ್ಲಿ, ದೇವಕಮ್ಮ ನೋಡದೇ ಬಿಟ್ಟಿದ್ದ ಓದುಗರ ಮಾತುಗಳು ಅಲ್ಲಿದ್ದವು. ಪುಣೆಯಲ್ಲಿ ನೆಲೆಸಿದ ನಮ್ಮ ಕಡೆಯ ಯಂಕಮ್ಮ ಎಂಬಾಕೆ ಬರೆದದ್ದನ್ನು ಅನ್ವರಬಿ ಗಟ್ಟಿಯಾಗಿ ಓದಿದಳು.

“ಅಕ್ಕಾರ, ನಮ್ಮವ್ವನ ಕೈರುಚಿ ನೆಪ್ಪಾತು. ಇಲ್ಲಿ ಗುರೆಳ್ಳು ಸಿಗಂಗಿಲ್ಲ. ಹಿಂಡಿ, ಸಜ್ಜಿ ರೊಟ್ಟಿ ಮಾಡಿ ಕಳಸ್ತೀರೇನು? ರೊಕ್ಕ ಮೊದಲೇ ಹಾಕ್ತೀನಿ.”

ಅದರ ಕೆಳಗೆ ಹೈದರಾಬಾದಿನವರೊಬ್ಬರು, ನಮಗೂ ಬೇಕು ಅಂದಿದ್ದರು. ಅದರ ಕೆಳಗೆ ಇನ್ನೊಬ್ಬರು. ದೇವಕಮ್ಮ ಕಣ್ಣೊರೆಸಿಕೊಂಡು ತಾನೇ ಮತ್ತೊಮ್ಮೆ ಓದಿದಳು.

ಮುಂದಿನದನ್ನು ಹೇಳಲಿಕ್ಕೇ ಖುಷಿ. ಜಾಹೀರಾತಿನ ಜಾಗಗಳನ್ನೆಲ್ಲ ದೇವಕಮ್ಮ ತೆಗೆದು ಹಾಕಿದಳು. ಪ್ರತಿ ಅಡುಗೆಯ ಕೊನೆಗೆ, ಬೇಕಾದವರು ನಮ್ಮ ಗುಂಪಿಗೆ ತಿಳಿಸಿರಿ ಎಂದು ಒಂದೇ ಸಾಲು ಬರೆದಳು. ಆಹಾರ ಮಾರಲು ಬೇಕಾದ ನೋಂದಣಿಯನ್ನು ಅನ್ವರಬಿ ಮಾಡಿಸಿದಳು. ಹಣಮಂತಮ್ಮನ ದಂಡು ಮತ್ತೆ ಸೆರಗು ಸಿಗಿಸಿತು, ಈ ಸಲ ರೊಟ್ಟಿ ಬಡಿಯಲು. ಕಟ್ಟೆಯ ನಗು ಈಗ ದೇವಕಮ್ಮನ ಪಡಸಾಲೆಗೆ ಬಂತು. ಬಂದ ದುಡ್ಡು ಗುಂಪಿನವರಿಗೆಲ್ಲ ಹಂಚಿಕೆಯಾಯಿತು.

ಕಾಲುವೆ ನೀರು ನಿಲ್ಲುವ ಮುಂಚೆಯೇ ಮೊದಲ ಡಬ್ಬಿಗಳು ಹೊರಟವು. ಹೊತ್ತುಕೊಂಡು ಶಹಾಪುರದ ಅಂಚೆಗೆ ಹೋದವನು ಯಂಕಣ್ಣನೇ. ತಿರುಗಿ ಬಂದವನು ಚಹಾ ಕೇಳಲಿಲ್ಲ. ತಾನೇ ಎರಡು ಕಪ್ಪು ಮಾಡಿ ಒಂದನ್ನು ಹೆಂಡತಿಯ ಮುಂದಿಟ್ಟ.

“ದಿಬ್ಬದ ಹೊಲಕ್ಕ ಕಾಲುವಿ ನೀರು ಏರಂಗಿಲ್ಲಂತ ಬೀಳು ಬಿಟ್ಟಿದ್ದೆ. ಈ ಮಳಿಗಾಲ ಅಲ್ಲಿ ಸಜ್ಜಿ ಬಿತ್ತತೀನಿ. ನೀ ಬರಿಯೋದು ಮಾತ್ರ ಬಿಡಬ್ಯಾಡ,” ಎಂದ.

ದೇವಕಮ್ಮ ನಕ್ಕಳು. ಇನ್ನೊಂದೇ ಸಾಲು ತಡೀರಿ ಅಂದಳು. ಯಂಕಣ್ಣ ಪಕ್ಕದಲ್ಲೇ ಕೂತು ಚಹಾ ಕುಡಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಬರೆಯುವ ಹುಚ್ಚಿದ್ದರೆ ಖಂಡಿತ ಬರೆಯಿರಿ. ಕೂತಲ್ಲೇ ದುಡ್ಡು ಎನ್ನುವವರ ಮಾತಿಗೆ ಮರುಳಾಗಬೇಡಿ. ನಿಮ್ಮ ಪುಟದ ಜಾಹೀರಾತನ್ನು ನೀವೂ ಒತ್ತಬೇಡಿ, ನೆರೆಹೊರೆಯವರಿಂದಲೂ ಒತ್ತಿಸಬೇಡಿ. ದಿನಾ ಓದುವವರು ಸಾವಿರಗಟ್ಟಲೆ ಆದಾಗ ಜಾಹೀರಾತಿನ ವಿಚಾರ ನೋಡೋಣ. ಅಲ್ಲಿಯತನಕ ನಿಮ್ಮ ಪುಟದ ತಳದಲ್ಲಿ ಯಾರೋ ಏನೋ ಕೇಳಿ ಉತ್ತರಕ್ಕೆ ಕಾಯುತ್ತಿರಬಹುದು. ಇವತ್ತೇ ತೆರೆದು ನೋಡಿ.