ಒಂದಿಂಚು ಸಡಿಲ

ಬೀದಿಯವರ ಬಾಯಲ್ಲಿ ಅವಳು ದರ್ಜಿಯಕ್ಕ. ಅಂಗಡಿಯಲ್ಲಿ ಗಂಡ ಬಟ್ಟೆ ಕತ್ತರಿಸುತ್ತಿದ್ದ, ಅವಳು ಹೊಲಿಯುತ್ತಿದ್ದಳು. ತಮ್ಮನ ಎರಡೂ ಕಿಡ್ನಿ ಕೈಕೊಟ್ಟಾಗ ಹೊಂದಿದ್ದು ಇವಳದೊಂದೇ. ಆದರೆ ಡಾಕ್ಟರು, "ಎರಡು ತಿಂಗಳಲ್ಲಿ ಆರು ಕೆಜಿ ಇಳೀಬೇಕು. ಇಲ್ಲದಿದ್ರೆ ಆಪರೇಷನ್ ಮಾಡಲ್ಲ" ಎಂದುಬಿಟ್ಟರು.

ಹಟಮಾರಿ ಹೆಂಗಸು. ಅಂದೇ ರಾತ್ರಿಯೂಟ ಬಿಟ್ಟಳು. ಊಟದ ಹಿಂದೆಯೇ ನಿದ್ದೆಯೂ ಮನೆ ಬಿಟ್ಟಿತು. ಹೊಟ್ಟೆ ತಾಳ ಹಾಕುತ್ತಿದ್ದರೆ ಕಣ್ಣಿಗೆ ಕಣ್ಣು ಹತ್ತುವುದಾದರೂ ಹೇಗೆ? ಹೊರಳಿ ಹೊರಳಿ ಬೆಳಗು ಮಾಡಿ, ಹಗಲೆಲ್ಲ ಮಷೀನಿನ ಮುಂದೆ ತೂಕಡಿಸುತ್ತಿದ್ದಳು. ಮೊದಲ ವಾರ ಎರಡು ಕೆಜಿ ಇಳಿದದ್ದೇ ಕೊನೆ, ಆಮೇಲೆ ತೂಕದ ಮುಳ್ಳು ಅವಳಿಗಿಂತ ಹಟಮಾರಿಯಾಯಿತು. ಒಂದು ದಿನ ವಕೀಲರ ಹೊಸ ಪ್ಯಾಂಟಿನ ಎರಡೂ ಕಾಲನ್ನು ಸೇರಿಸಿ ಹೊಲಿದಿಟ್ಟಳು.

"ವಕೀಲ್ರು ಕೋರ್ಟಿಗೆ ಕುಪ್ಪಳಿಸ್ಕೊಂಡು ಹೋಗ್ಬೇಕಾ?" ಎಂದು ಗಂಡ ನಗಿಸಲು ನೋಡಿದ. ಅವಳು ಅತ್ತುಬಿಟ್ಟಳು.

"ಎರಡು ತುತ್ತು ತಿಂದು ಮಲಕ್ಕೊಳ್ಳೇ."

"ತುತ್ತು ನನ್ನ ಬಾಯಿಗೆ, ಜೀವ ನನ್ನ ತಮ್ಮಂದು. ಸುಮ್ನಿರಿ."

ಅವನು ಸುಮ್ಮನಾದ. ಅಷ್ಟು ಬೇಗ ಸುಮ್ಮನಾಗುವ ಆಸಾಮಿಯೇ ಅಲ್ಲ ಅವನು.

ಮೂರು ದಿನದ ಮೇಲೆ ಅವಳ ನೀಲಿ ಸ್ಕರ್ಟು ಸೊಂಟದಿಂದ ಜಾರಿತು. ಮರುದಿನ ಕಂದು ಬಣ್ಣದ್ದೂ ಜಾರಿತು. "ರೀ, ಒಂದಿಂಚು ಸಡಿಲ!" ಎಂದು ಕುಣಿದಾಡಿದಳು. ತೂಕದ ಯಂತ್ರ ಕೆಟ್ಟಿದೆಯೆಂದು ಮಂಚದ ಕೆಳಗೆ ತಳ್ಳಿದಳು. ಟೇಪು ಹಿಡಿಯುವ ಗೋಜಿಗೂ ಹೋಗಲಿಲ್ಲ. ದರ್ಜಿಗೆ ಬಟ್ಟೆಗಿಂತ ದೊಡ್ಡ ಸಾಕ್ಷಿ ಬೇಕೆ? ಆ ರಾತ್ರಿ ಧೈರ್ಯವಾಗಿ ಒಂದು ಬಟ್ಟಲು ತರಕಾರಿ, ಎರಡು ಮೊಟ್ಟೆ ತಿಂದು ಮಲಗಿದವಳಿಗೆ ಎಚ್ಚರವಾದಾಗ ಬಿಸಿಲು ಬಂದಿತ್ತು. ಅಂದಿನಿಂದ ಅದೇ ರೂಢಿಯಾಯಿತು.

ತಿಂಗಳು ಕಳೆದು ನೋಡಿದರೆ, ಆಸ್ಪತ್ರೆಯಲ್ಲಿ ಒಟ್ಟು ಆರೂವರೆ ಕೆಜಿ ಕಡಿಮೆ ತೋರಿಸಿತು. "ಈಗ ನಿದ್ದೆ ಬರ್ತಿದೆ ತಾನೆ? ನಿದ್ದೆಗೆಟ್ಟು ಉಪವಾಸ ಬಿದ್ರೆ ಮೈಯೂ ಹಟಕ್ಕೆ ಬೀಳತ್ತೆ" ಎಂದರು ಡಾಕ್ಟರು. ಆಪರೇಷನ್ನಿಗೆ ದಿನ ಗೊತ್ತಾಯಿತು.

ಈಗ ಸ್ಕರ್ಟು ಸೊಂಟದಲ್ಲಿ ನಿಲ್ಲುವಂತೆಯೇ ಇರಲಿಲ್ಲ. ಒಳಗೆ ಹಿಡಿಯೋಣವೆಂದು ತಿರುಗಿಸಿದಳು. ಬಿಚ್ಚಿದ ಹಳೆಯ ಹೊಲಿಗೆಯ ಬರೀ ತೂತುಗಳು. ಅದರಾಚೆ, ಅಂಚಿನ ಕಡೆಗೆ, ಹೊಸ ಹೊಲಿಗೆ. ಕೊನೆಯಲ್ಲಿ ಮೂರು ಸಲ ಹಿಂದೆ ಮುಂದೆ ಓಡಿಸಿ ಭದ್ರ ಮಾಡಿತ್ತು. ಅವಳು ಒಂದೇ ಸಲ ಓಡಿಸುವವಳು. ಮೂರು ಸಲ ಓಡಿಸುವ ಪುಕ್ಕಲ ಆ ಅಂಗಡಿಯಲ್ಲಿ ಒಬ್ಬನೇ.

"ನೀವೇನಾ ಬಿಚ್ಚಿ ದೊಡ್ಡದು ಮಾಡಿದ್ದು?"

ಅವನು ಕತ್ತರಿ ಕೆಳಗಿಟ್ಟ. "ನೀನು ಕಣ್ಣೆದುರೇ ಕರಗ್ತಿದ್ದೆ. ನಂಗಿರೋದು ನೀನೊಬ್ಳೇ ಕಣೇ."

ತಮ್ಮನ ಚಿಂತೆಯಲ್ಲಿ ಇವನ ಹೆದರಿಕೆ ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಸ್ಕರ್ಟನ್ನು ಅವನ ಕೈಗಿಟ್ಟಳು.

"ಎರಡಿಂಚು ಒಳಗೆ ಹಿಡೀರಿ. ಬಟ್ಟೆ ಕತ್ತರಿಸ್ಬೇಡಿ. ಮೂರು ಮೂರು ಸಲಾನೂ ಓಡಿಸ್ಬೇಡಿ. ಆಸ್ಪತ್ರೆಯಿಂದ ಬಂದು ಮತ್ತೆ ದಪ್ಪ ಆಗ್ತೀನಲ್ಲ, ಬಿಚ್ಚೋಕೆ ಸುಲಭ ಆಗ್ಬೇಕು."

ಅವನು ಕಣ್ಣೊರೆಸಿಕೊಂಡು ಮಷೀನಿಗೆ ಕೂತ. ಜೀವಮಾನದಲ್ಲಿ ಮೊದಲ ಸಲ, ಒಂದೇ ಸಲ ಓಡಿಸಿ ದಾರ ಕತ್ತರಿಸಿದ.