ಮುಸುಕಿನಕ್ಕನ ಲ್ಯಾಪ್‌ಟಾಪ್

ಅಮ್ಮ ಮತ್ತು ನಾನು ಬಟಾಣಿ ಸುಲಿಯುತ್ತಿದ್ದೆವು. ಇಬ್ಬರ ನಡುವೆ ಒಂದು ಸ್ಟೀಲ್ ಪಾತ್ರೆ, ಸಿಪ್ಪೆಗೆ ಹಳೆಯ ಪತ್ರಿಕೆ. ಮುಂದಿನ ಕೋಣೆಯಲ್ಲಿ ಅಜ್ಜಿಯ ಟಿವಿ ನಮ್ಮ ಮೂವರ ಪಾಲಿನ ಮಾತನ್ನೂ ತಾನೇ ಆಡುತ್ತಿತ್ತು. ಅಮ್ಮನ ಬೆರಳುಗಳು ಸುಲಿಯುತ್ತಿದ್ದರೆ ಬಲಗಾಲು ಬರಿಯ ನೆಲವನ್ನು ಒತ್ತಿ ಬಿಡುತ್ತಿತ್ತು, ಮತ್ತೆ ಒತ್ತಿ ಬಿಡುತ್ತಿತ್ತು.

ಆ ಕಾಲು ಏನನ್ನು ಹುಡುಕುತ್ತಿದೆ ಎಂದು ನನಗೆ ಗೊತ್ತಿತ್ತು. ವೈದ್ಯರು ಮಾತಿನಲ್ಲಿ ಹೇಳಿ ರೆಕಾರ್ಡ್ ಮಾಡಿದ ಟಿಪ್ಪಣಿಗಳನ್ನು ಕೇಳುತ್ತಾ ಟೈಪ್ ಮಾಡಿಕೊಡುವುದು ಅಮ್ಮನ ಕೆಲಸ. ಎರಡೂ ಕೈಗೆ ಬಿಡುವಿಲ್ಲದ್ದರಿಂದ ಧ್ವನಿಯನ್ನು ನಿಲ್ಲಿಸುವುದು, ಹಿಂದಕ್ಕೆ ಎಳೆಯುವುದು ಎಲ್ಲವೂ ಕಾಲಿನ ಕೆಳಗಿನ ಪೆಡಲಿನಿಂದಲೇ. ಹಿಂದಿನ ಸಂಜೆ ಆ ಪೆಡಲನ್ನು ಅಮ್ಮ ಚೀಲದಲ್ಲಿ ಸುತ್ತಿ ಮನೆಗೆ ತಂದು ಮಂಚದ ಕೆಳಗೆ ತಳ್ಳಿದ್ದಳು. ನಾನು ಕಸ ಗುಡಿಸುವಾಗ ನೋಡಿದ್ದೆ, ಕೇಳಿರಲಿಲ್ಲ.

ಪಾತ್ರೆ ತುಂಬಿದ ಮೇಲೆ ಅವಳೇ ಹೇಳಿದಳು. ಕಚೇರಿಯವರು ಬಾಡಿಗೆ ಕೋಣೆಗಳನ್ನು ಬಿಡುತ್ತಿದ್ದಾರೆ. ಇನ್ನು ಮುಂದೆ ಕೆಲಸವೆಲ್ಲ ಮನೆಯಿಂದ, ಅದೂ ಸ್ವಂತ ಲ್ಯಾಪ್‌ಟಾಪ್ ಇದ್ದವರಿಗೆ ಮಾತ್ರ. ಶುಕ್ರವಾರ ಬೆಳಿಗ್ಗೆ ಎಲ್ಲರಿಗೂ ಒಂದು ಪರೀಕ್ಷೆಯ ರೆಕಾರ್ಡಿಂಗ್ ಕಳಿಸುತ್ತಾರೆ. ಒಂದು ಗಂಟೆಯೊಳಗೆ ತಪ್ಪಿಲ್ಲದೆ ವಾಪಸ್ ಕಳಿಸಿದವರು ಉಳಿಯುತ್ತಾರೆ. ಲ್ಯಾಪ್‌ಟಾಪ್ ಇಲ್ಲದವರಿಗೆ ಆಗಲೇ ಕೈಕುಲುಕಿ ಶುಭ ಹಾರೈಸಿದ್ದಾರಂತೆ. ಅಮ್ಮ ಮಾತ್ರ ಕೈ ಕೊಡದೆ, ನನ್ನದು ಬರುತ್ತಿದೆ ಎಂದು ಸುಳ್ಳು ಹೇಳಿ, ಪೆಡಲನ್ನು ಎತ್ತಿಕೊಂಡು ಬಂದಿದ್ದಳು.

"ನಾನು ಹುಡುಕ್ತೀನಿ" ಎಂದೆ.

ಟಿವಿಯ ಮುಂದಿನಿಂದಲೇ ಅಜ್ಜಿಯ ಕಿವಿ ನೆಟ್ಟಗಾಯಿತು. "ಯಾರು, ಇವಳಾ? ಬಸ್ ನಿಲ್ಸಿ ಅನ್ನೋಕೆ ನಾಚ್ಕೊಂಡು ಕೊನೇ ಸ್ಟಾಪ್‌ವರೆಗೂ ಹೋಗಿ ನಡ್ಕೊಂಡು ಬರೋಳು ಇವಳು. ಅಂಗಡಿಯವನ ಹತ್ರ ಚೌಕಾಸಿ ಬೇರೆ ಮಾಡ್ತಾಳಂತೆ."

ಅದು ಸುಳ್ಳಲ್ಲ. ಎಂಟನೇ ತರಗತಿಯಲ್ಲಿ ಶಾಲೆ ಬಿಟ್ಟಾಗಿನಿಂದ ನಾನು ಒಂದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಗಿರಾಕಿಗಳು ಮುಂದಿನ ಕೋಣೆಗೆ ಬರುತ್ತಾರೆ, ಅವರ ಬಟ್ಟೆಗಳು ಮಾತ್ರ ನನ್ನ ಹತ್ತಿರ ಬರುತ್ತವೆ. ಬಟ್ಟೆಗಳಿಗೆ ಮಾತು ಬೇಡ. ಸುಮ್ಮನೆ ನೋಡಿದರೆ ಸಾಕು. ಕೆಲಸಕ್ಕೆ ಸೇರಿದ ದಿನ ಮಾಲೀಕರು ಹೇಳಿಕೊಟ್ಟದ್ದೂ ಅದನ್ನೇ: ಕಲೆ ಎಷ್ಟು ದೊಡ್ಡದಿದೆ ಎಂದು ಹೆದರಬೇಡ, ಎಲ್ಲಿದೆ ಎಂದು ಮೊದಲು ನೋಡು. ಕೋಟಿನ ಎದೆಯ ಮೇಲಿನ ಚುಕ್ಕೆ ಕೋಟನ್ನೇ ಕೆಡಿಸುತ್ತದೆ. ಒಳಗಿನ ಅಸ್ತರಿನ ಮೇಲೆ ಅಂಗೈಯಗಲ ಇದ್ದರೂ ತೊಂದರೆಯಿಲ್ಲ.

ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಅಂಗಡಿಗೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮಾರಾಟಗಾರ ನಗುತ್ತಾ ಹತ್ತಿರ ಬಂದು ಎಷ್ಟರೊಳಗೆ ಬೇಕು ಎಂದು ಕೇಳಿದ. ನನ್ನ ಮತ್ತು ಅಮ್ಮನ ಉಳಿತಾಯ ಎರಡೂ ಸೇರಿ ಎಷ್ಟಿತ್ತೋ ಅಷ್ಟನ್ನು ಹೇಳಿದೆ. ಅವನ ನಗು ಅಲ್ಲೇ ನಿಂತಿತು.

"ಅಷ್ಟಕ್ಕೆ ಲ್ಯಾಪ್‌ಟಾಪ್ ಹಾಕೋ ಬ್ಯಾಗ್ ಬರತ್ತೆ, ಮೇಡಂ. ಒಳ್ಳೇ ಬ್ಯಾಗು."

ಮಾರನೆಯ ದಿನ ಹಳೆಯ ಸಾಮಾನು ಮಾರುವ ಅಂಗಡಿಯಲ್ಲಿ ನಮ್ಮ ದುಡ್ಡಿಗೆ ಹತ್ತಿರದ್ದೊಂದು ಸಿಕ್ಕಿತು. ತೆರೆ ಫಳಫಳ ಹೊಳೆಯುತ್ತಿತ್ತು. ಸಂಜೆ ಅಮ್ಮನನ್ನು ಕರೆದುಕೊಂಡು ಹೋದೆ. ಅವಳು ಕೂತಳು, ಕಣ್ಣು ಮುಚ್ಚಿದಳು, ಬೆರಳುಗಳನ್ನು ಓಡಲು ಬಿಟ್ಟಳು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಅವಳ ಮುಖ ಗಂಟಾಯಿತು. ಕೆಲವು ಕೀಲಿಗಳು ಒತ್ತಿದರೆ ಏಳುತ್ತಲೇ ಇರಲಿಲ್ಲ. ಒಂದಂತೂ ಒಮ್ಮೆ ಒತ್ತಿದರೆ ಎರಡು ಅಕ್ಷರ ಉದುರಿಸುತ್ತಿತ್ತು.

ಅಂಗಡಿಯವನು ಮಾತು ತಿರುಗಿಸಿದ. "ಸ್ಕ್ರೀನ್ ನೋಡಿ ಅಮ್ಮಾ, ಕನ್ನಡಿ ಇದ್ದಂಗಿದೆ."

"ಕನ್ನಡಿ ಮನೇಲಿದೆ" ಎಂದು ಅಮ್ಮ ಎದ್ದಳು.

ಅವಳು ಕಣ್ಣು ಮುಚ್ಚಿದ ರೀತಿ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಕಚೇರಿಗೆ ಊಟದ ಡಬ್ಬಿ ಕೊಡಲು ಹೋದಾಗಲೆಲ್ಲ ಒಂದು ತಮಾಷೆ ನೋಡುತ್ತಿದ್ದೆ. ಅಮ್ಮ ಕಂಪ್ಯೂಟರಿನ ತೆರೆಯ ಮೇಲೆ ಕರವಸ್ತ್ರ ಹೊದಿಸಿ ಟೈಪ್ ಮಾಡುತ್ತಿದ್ದಳು. ತನ್ನ ಅಕ್ಷರ ಕಣ್ಣಿಗೆ ಬಿದ್ದರೆ ತಿದ್ದುವ ಚಪಲ ಹುಟ್ಟುತ್ತದೆ, ತಿದ್ದಲು ಹೋದರೆ ಕಿವಿಯಲ್ಲಿ ಡಾಕ್ಟರು ಮುಂದೆ ಓಡಿರುತ್ತಾರೆ ಎಂಬುದು ಅವಳ ವಾದ. ಕೊನೆಗೆ ಒಂದೇ ಸಲ ಕರವಸ್ತ್ರ ತೆಗೆದು ಓದಿ ನೋಡುವಳು. ಸಹೋದ್ಯೋಗಿಗಳು ಅವಳಿಗೆ ಮುಸುಕಿನಕ್ಕ ಎಂದೇ ಹೆಸರಿಟ್ಟಿದ್ದರು.

ಗುರುವಾರ ಲಾಂಡ್ರಿಯಿಂದ ಮಧ್ಯಾಹ್ನವೇ ಹೊರಟೆ. ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ, ಬೀಗ ರಿಪೇರಿಯವನ ಪಕ್ಕದಲ್ಲಿ, ಕಂಪ್ಯೂಟರ್ ರಿಪೇರಿಯ ಕಿರಿದಾದ ಅಂಗಡಿಯೊಂದಿದೆ. ದಪ್ಪ ಕನ್ನಡಕದ ಹೆಂಗಸೊಬ್ಬಳು ಯಾವುದೋ ಪುಟ್ಟ ಹಲಗೆಗೆ ಬೆಸುಗೆ ಹಾಕುತ್ತಿದ್ದಳು. ತಲೆ ಎತ್ತದೆ ಏನು ಬೇಕೆಂದು ಕೇಳಿದಳು. ಉತ್ತರ ಹೇಳುವ ಬದಲು ಮೂಲೆಯ ರಾಶಿಯನ್ನು ನೋಡುತ್ತಾ ನಿಂತೆ. ಅಲ್ಲಿ ಲ್ಯಾಪ್‌ಟಾಪುಗಳನ್ನು ತಟ್ಟೆಗಳ ಹಾಗೆ ಒಂದರ ಮೇಲೊಂದು ಪೇರಿಸಿಡಲಾಗಿತ್ತು. ಎಲ್ಲವೂ ತೆರೆ ಒಡೆದವು.

ನೋಡುತ್ತಾ ನೋಡುತ್ತಾ ನನಗೆ ಕೋಟಿನ ಅಸ್ತರಿನ ಮೇಲಿನ ಕಲೆ ನೆನಪಾಯಿತು.

"ಇವು ಮಾರೋಕಾ?"

"ಬಿಡಿಭಾಗಕ್ಕೆ. ಹೊಸ ಸ್ಕ್ರೀನ್ ಹಾಕೋ ಖರ್ಚಲ್ಲಿ ಇನ್ನೊಂದು ಬರತ್ತೆ. ಅದಕ್ಕೆ ಬಿಚ್ಚಿ ಮಾರ್ತೀನಿ."

ಕೀಲಿಗಳು ಚೆನ್ನಾಗಿರುವುದು ಯಾವುದು ಎಂದು ಕೇಳಿದೆ. ಆಗ ಅವಳು ತಲೆ ಎತ್ತಿದಳು. ಕುರುಡು ಲ್ಯಾಪ್‌ಟಾಪ್ ಕಟ್ಟಿಕೊಂಡು ನೀನೇನಮ್ಮ ಮಾಡ್ತೀಯ ಎಂದು ನಕ್ಕಳು. ನಾನು ಅಮ್ಮನ ಕರವಸ್ತ್ರದ ವಿಷಯ ಹೇಳಿದೆ. ಅವಳು ಬೆಸುಗೆಯ ಕಡ್ಡಿಯನ್ನು ಪಕ್ಕಕ್ಕಿಟ್ಟು ಇನ್ನೊಮ್ಮೆ ಹೇಳಿಸಿಕೊಂಡಳು. ಆದರೂ ಫೈಲು ತೆರೆಯಲು, ಕೊನೆಗೆ ಓದಲು ಎಲ್ಲಾದರೂ ಕಾಣಬೇಕಲ್ಲ, ಮನೆಯಲ್ಲಿ ಟಿವಿ ಇದೆಯಾ, ಅದರ ಹಿಂದೆ ಎಂಥ ಕಿಂಡಿ ಇದೆ ಎಂದು ಕೇಳಿದಳು.

ಪ್ರತಿ ಭಾನುವಾರ ಆ ಟಿವಿಯ ಹಿಂದಿನ ಧೂಳು ಹೊಡೆಯುವವಳು ನಾನೇ. ಕಿಂಡಿಯ ಹೆಸರು ಗೊತ್ತಿರಲಿಲ್ಲ. ಮೇಜಿನ ಧೂಳಿನ ಮೇಲೆ ಬೆರಳಿನಿಂದ ಬರೆದು ತೋರಿಸಿದೆ: ಚಪ್ಪಟೆ, ಕೆಳಗಿನ ಎರಡು ಮೂಲೆ ಕತ್ತರಿಸಿದ್ದು. ಅವಳು ಡ್ರಾಯರಿನಿಂದ ಕೇಬಲ್ಲೊಂದನ್ನು ತೆಗೆದು ಅದರ ಮೂತಿಯನ್ನು ನನ್ನ ಚಿತ್ರದ ಮೇಲಿಟ್ಟಳು. ಸರಿಯಾಗಿ ಕೂತಿತು.

ಇನ್ನು ಬೆಲೆ. ಅವಳು ಹೇಳಿದ್ದು ನಮ್ಮಲ್ಲಿದ್ದುದಕ್ಕಿಂತ ಸ್ವಲ್ಪವೇ ಹೆಚ್ಚು. ಬಾಗಿಲಿನತ್ತ ನೋಡಿದೆ. ಆಮೇಲೆ ಅಪರಿಚಿತರ ಮುಂದೆ ನಾನೆಂದೂ ಆಡಿರದಷ್ಟು ಉದ್ದದ ಮಾತು ಬಾಯಿಂದ ಬಂತು.

"ಅಕ್ಕಾ, ಬಿಚ್ಚೋಕೆ ನಿಮಗೆ ಅರ್ಧ ದಿನ ಬೇಕು, ಬಿಚ್ಚಿದ್ದಕ್ಕೆ ಗಿರಾಕಿ ಯಾವಾಗ ಬರ್ತಾರೋ ಗೊತ್ತಿಲ್ಲ. ನಾನು ಬಿಚ್ಚದೇನೇ ಒಯ್ತೀನಿ, ಈಗಲೇ. ಕೇಬಲ್ಲೂ ಸೇರಿಸಿ ಕೊಡಿ."

ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ನೋಡಿದ್ರೆ ಬಾಯೇ ಇಲ್ಲ ಅನ್ಕೊಂಡಿದ್ದೆ" ಎಂದಳು. ಕೀಲಿಗಳನ್ನೆಲ್ಲ ಒಂದೊಂದಾಗಿ ಒತ್ತಿ ತೋರಿಸಿ, ಪೆಡಲು ಸಿಕ್ಕಿಸುವ ಕಿಂಡಿಯನ್ನೂ ಪರೀಕ್ಷಿಸಿ, ಒಡೆದ ತೆರೆಗೆ ರಟ್ಟು ಅಂಟಿಸಿ ಕೊಟ್ಟಳು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ನಮ್ಮ ಸ್ಟಾಪ್ ಬಂದಾಗ, ನಿಲ್ಸಿ, ಎಂದೆ. ಬಸ್ಸು ನಿಂತಿತು.

ರಟ್ಟಿನ ಮುಖದ ಲ್ಯಾಪ್‌ಟಾಪ್ ನೋಡಿ ಅಮ್ಮ ರಟ್ಟನ್ನು ಬೆರಳಿನಿಂದ ತಟ್ಟಿದಳು. ನಾನು ಟಿವಿಯ ಹಿಂದೆ ಕೈ ಹಾಕಿ ಕೇಬಲ್ ಸಿಕ್ಕಿಸಿದೆ. ಅಳುತ್ತಿದ್ದ ಧಾರಾವಾಹಿಯ ನಾಯಕಿ ಮಾಯವಾಗಿ ಗೋಡೆಯಗಲದ ಬಿಳಿ ಪುಟ ಬಂತು. ಅಮ್ಮ ನಿಂತಲ್ಲೇ ಬಗ್ಗಿ ಒಂದು ಸಾಲು ಟೈಪ್ ಮಾಡಿದಳು. ಒಂದು ಅಕ್ಷರವೂ ಬಿದ್ದುಹೋಗಲಿಲ್ಲ. ಎರಡನೆಯ ಸಾಲಿಗೆ ಕುರ್ಚಿ ಎಳೆದುಕೊಂಡಳು.

ಅಜ್ಜಿ ಮುಖ ಊದಿಸಿದಳು. ಅವಳ ಪರವಾಗಿ ಮಾತಾಡುವವರು ಯಾರೂ ಇಲ್ಲದ್ದರಿಂದ ತನ್ನ ವಾದವನ್ನೂ ನಮ್ಮ ವಾದವನ್ನೂ ತಾನೇ ಮಂಡಿಸಿ ಕೊನೆಗೆ ತೀರ್ಪನ್ನೂ ಕೊಟ್ಟಳು. "ಸೊಸೆ ಕೆಲಸ ಹೋದ್ರೆ ಕರೆಂಟ್ ಬಿಲ್ ಯಾರು ಕಟ್ತಾರೆ, ನನ್ನ ನಾಯಕಿ ಕಟ್ತಾಳಾ? ಹಗಲೆಲ್ಲ ನೀವಿಟ್ಕೊಳ್ಳಿ. ಸಂಜೆ ನನ್ನದು."

ಶುಕ್ರವಾರ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ, ಕಚೇರಿಗೆ ಹೊರಟವಳ ಹಾಗೆ ತಲೆ ಬಾಚಿ, ಮುಂದಿನ ಕೋಣೆಯಲ್ಲಿ ಕೂತಳು. ಪೆಡಲು ಕಾಲಡಿಗೆ ಬಂತು. ರೆಕಾರ್ಡಿಂಗ್ ಬಂದದ್ದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಸುತ್ತ ನೋಡಿ, ನಾನು ಮಡಚುತ್ತಿದ್ದ ದೊಡ್ಡ ಟವೆಲನ್ನು ನನ್ನ ಕೈಯಿಂದ ಕಿತ್ತು ಟಿವಿಯ ಮೇಲೆ ಹೊದಿಸಿದಳು.

"ಇಷ್ಟೆಲ್ಲ ರಾದ್ಧಾಂತ ಮಾಡಿ ಅದಕ್ಕೂ ಮುಸುಕಾ?" ಅಜ್ಜಿ ನನ್ನ ಕಿವಿಯಲ್ಲಿ ಕೇಳಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ.

ನಾನು ಗೋಡೆಗೆ ಒರಗಿ ಅಮ್ಮನ ಕಾಲನ್ನೇ ನೋಡುತ್ತಿದ್ದೆ. ಮೊದಮೊದಲು ಅದು ಪದೇ ಪದೇ ಹಿಂದಕ್ಕೆ ಒತ್ತುತ್ತಿತ್ತು. ಡಾಕ್ಟರು ಯಾರೋ ನುಂಗಿ ನುಂಗಿ ಮಾತಾಡುವವರೇ ಇರಬೇಕು. ಬರಬರುತ್ತಾ ಕಾಲು ಹಗುರಾಯಿತು. ಬೆರಳುಗಳ ಸದ್ದು ಒಂದೇ ಸಮನೆ ಉದುರತೊಡಗಿತು, ಪಾತ್ರೆಗೆ ಬಟಾಣಿ ಸುರಿದ ಹಾಗೆ. ಆಮೇಲೆ ನಿಂತಿತು. ಅಮ್ಮ ಎದ್ದು ಟವೆಲ್ ಸರಿಸಿದಳು. ಅಷ್ಟು ದೊಡ್ಡ ಟಿವಿಯ ಮೇಲೆ, ಅಷ್ಟು ದೊಡ್ಡ ಅಕ್ಷರಗಳಲ್ಲಿ, ಮೇಲಿನಿಂದ ಕೆಳಗೆ ಓದಿದಳು. ಎರಡೇ ಕಡೆ ತಿದ್ದಿ ಕಳಿಸಿದಳು.

ಅವಳು ನೀರು ಕುಡಿಯುವಷ್ಟರಲ್ಲಿ ಫೋನ್ ಬಂತು. ಮೇಲ್ವಿಚಾರಕರ ಧ್ವನಿ ನನಗೂ ಕೇಳುತ್ತಿತ್ತು. ಮೊದಲು ಬಂದದ್ದು ನಿಮ್ಮದೇ, ಎಲ್ಲ ಸರಿಯಾಗಿದೆ. ಲ್ಯಾಪ್‌ಟಾಪ್ ಯಾವುದು ತೆಗೆದುಕೊಂಡಿರಿ, ಭಾರೀ ಬೆಲೆಯದ್ದಿರಬೇಕು ಎಂದರು.

ಅಮ್ಮ ರಟ್ಟಿನ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ಅವಳ ಹುಬ್ಬು ಮೇಲೇರಿತ್ತು, ನಗು ತಡೆದುಕೊಳ್ಳುವಾಗ ಏರುವ ಹಾಗೆ.

"ಮಗಳು ತಂದದ್ದು" ಎಂದಳು. "ಅವಳೇ ಚೌಕಾಸಿ ಮಾಡಿ."

ಇಂದಿನ ಕೆಲಸ ಇಂದೇ ಶುರುವಾಗಲಿ ಎಂದರು ಅವರು. ಮಧ್ಯಾಹ್ನದ ಹೊತ್ತಿಗೆ ಒಂದಾದ ಮೇಲೊಂದು ಫೈಲು ಬರತೊಡಗಿತು. ಅಮ್ಮನಿಗೆ ಊಟ ಕೈಯಲ್ಲೇ ಕೊಟ್ಟೆ. ಲಾಂಡ್ರಿಗೆ ಇಡೀ ದಿನ ರಜೆ ಹೇಳಿದ್ದೆ, ಹಾಗಾಗಿ ಪಕ್ಕದಲ್ಲೇ ಕೂತು, ಅವಳು ಕೈ ಎತ್ತಿದಾಗ ಟವೆಲ್ ತೆಗೆಯುವುದು, ಕೈ ಇಳಿಸಿದಾಗ ಹಾಕುವುದು ನನ್ನ ಕೆಲಸವಾಯಿತು. ಬೆರಳುಗಳು ಓಡುತ್ತಿದ್ದವು, ಪೆಡಲಿನ ಮೇಲೆ ಕಾಲು ಕುಣಿಯುತ್ತಿತ್ತು. ಕಿಟಕಿಯ ಬೆಳಕು ನೆಲದಿಂದ ಎದ್ದು ಗೋಡೆಗೆ ಏರಿದ್ದು ನಮ್ಮಿಬ್ಬರಿಗೂ ತಿಳಿಯಲಿಲ್ಲ.

ಅಜ್ಜಿ ತನ್ನ ಕುರ್ಚಿಯನ್ನು ಟಿವಿಯ ಎದುರಿಗೆ ಎಳೆದುಕೊಂಡು, ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತು ಟವೆಲನ್ನೇ ನೋಡಿದಳು.

"ಸಂಜೆ ಆಯ್ತು" ಎಂದಳು. "ಯಾರಾದ್ರೂ ನನ್ನ ಧಾರಾವಾಹಿ ಹಾಕ್ರಮ್ಮಾ."